ನೀರು ಹಚ್ಚಿದ ಚಾಕು

ಆ ಜೂನ್ ತಿಂಗಳಲ್ಲಿ ನಾನು ಒತ್ತಿದ ಮೊದಲ ಉಪ್ಪಿನ ಬಿಲ್ಲೆ ಗಂಜಿಯ ಹಾಗೆ ಬೆಳ್ಳಗಿತ್ತು. ಎರಡನೆಯದೂ ಅಷ್ಟೇ. ಮೂರನೆಯದು ಅಚ್ಚಿನಿಂದ ಬಿಡಿಸುವಾಗ ಗಾಜಿನಷ್ಟು ತಿಳಿಯಾಗಿತ್ತು, ಆದರೆ ಹೆಸರು ಬರೆಯುವ ಚೀಟಿ ಹುಡುಕಿ ತಿರುಗುವಷ್ಟರಲ್ಲಿ ಅದರ ಮೇಲೂ ಮಂಜು ಕವಿದಿತ್ತು. ಸಂಜೆಯವರೆಗೆ ಹದಿನಾಲ್ಕು ಬಿಲ್ಲೆ ಒತ್ತಿದೆ. ಬೆಂಗಳೂರಿಗೆ ಒಯ್ಯುವಂಥದ್ದು ಒಂದೂ ಇರಲಿಲ್ಲ.

ಅದು ಅರವತ್ತರ ದಶಕದ ನಡುವಿನ ಮಾತು. ಸಾಗರದಲ್ಲಿ ಕಾಡಿನ ಉತ್ಪನ್ನ ಕೊಂಡು ಮಾರುವ ಒಂದು ಸಹಕಾರ ಸಂಘದಲ್ಲಿ ನಾನು ರಸಾಯನ ಪರೀಕ್ಷಕ. ಹುದ್ದೆಯ ಹೆಸರು ಮಾತ್ರ ದೊಡ್ಡದು. ಗೋದಾಮಿನ ಹಿಂದಿನ ಒಂದು ಕೋಣೆ, ಒಂದು ತಕ್ಕಡಿ, ಸಾಮಾನು ಒಣಗಿಸುವ ಒಂದು ಕರೆಂಟಿನ ಪೆಟ್ಟಿಗೆ, ಕೈಯಲ್ಲಿ ಒತ್ತುವ ಒಂದು ಪ್ರೆಸ್ಸು, ಇಷ್ಟೇ ನನ್ನ ಸಾಮ್ರಾಜ್ಯ. ಸೀಗೆ, ಅಂಟುವಾಳ, ಜೇನು ಬಂದಾಗ ಕಸ ಎಷ್ಟು, ತೇವ ಎಷ್ಟು ಎಂದು ನೋಡಿ ಬರೆದುಕೊಡುವುದು ನನ್ನ ಕೆಲಸ.

ಆ ವರ್ಷ ಹಾಲುಮಡ್ಡಿಯ ಮೇಲೆ ದೂರು ಬಂತು. ಹಾಲುಮಡ್ಡಿ ಎಂದರೆ ಕಾಡಿನ ದೊಡ್ಡ ಮರವೊಂದರ ತೊಗಟೆಗೆ ಕಚ್ಚು ಹಾಕಿದಾಗ ಒಸರುವ ಅಂಟು. ಊದುಬತ್ತಿ ಮಾಡುವವರಿಗೆ ಅದು ಬೇಕೇ ಬೇಕು. ಕೊಳ್ಳುವ ಮೈಸೂರಿನ ವ್ಯಾಪಾರಿಗಳು, ನಿಮ್ಮ ಪೀಪಾಯಿಯಲ್ಲಿ ಎಣ್ಣೆ ಬೆರೆಸಿದ್ದಾರೆ ಎಂದು ಬರೆದರು. ಅಂಟಿಗೆ ಎಣ್ಣೆ ಬೆರೆತರೆ ತೂಕ ಏರುತ್ತದೆ, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ನಮಗೆ ಮಡ್ಡಿ ತರುವವರು ಒಟ್ಟು ನಾಲ್ಕು ಜನ. ಸಂಘದ ಕಾರ್ಯದರ್ಶಿಗಳು ನಾಲ್ವರ ಎದುರಿಗೇ ಅವರವರ ಸರಕಿನಿಂದ ಒಂದೊಂದು ಡಬ್ಬ ತುಂಬಿಸಿ, ಅರಗಿನ ಮುದ್ರೆ ಒತ್ತಿಸಿ, ನನ್ನ ಮೇಜಿನ ಮೇಲೆ ತಂದಿಟ್ಟರು. ಯಾರ ಡಬ್ಬದಲ್ಲಿ ಎಣ್ಣೆ ಸಿಗುತ್ತದೋ ಅವರ ಹೆಸರು ಅರಣ್ಯ ಕಚೇರಿಗೆ ಹೋಗುತ್ತದೆ, ಮಡ್ಡಿ ತೆಗೆಯುವ ಅವರ ಪರವಾನಗಿ ರದ್ದಾಗುತ್ತದೆ ಎಂದು ಸಭೆಯಲ್ಲಿ ತೀರ್ಮಾನವಾಗಿತ್ತು.

ನಾಲ್ವರಲ್ಲಿ ಹಿರಿಯರು ಹೊಸನಗರದ ಕಡೆಯವರು. ಸಂಘದಲ್ಲಿ ಎಲ್ಲರೂ ಅವರನ್ನು ಯಜಮಾನ್ರು ಎನ್ನುತ್ತಿದ್ದರು. ಗೇಣಿ ಗದ್ದೆ ಒಂದಿಷ್ಟು, ಉಳಿದದ್ದೆಲ್ಲ ಆ ಮರಗಳೇ. ಒಂದೇ ಗುಡ್ಡದ ಎಪ್ಪತ್ತು ಚಿಲ್ಲರೆ ಮರಗಳಿಂದ ಮೂವತ್ತು ವರ್ಷ ಮಡ್ಡಿ ತೆಗೆದವರು. ಡಬ್ಬ ತುಂಬಿಸುವ ದಿನ ಅವರು ಒಂದು ಚಿಟಿಕೆ ಮಡ್ಡಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಎಳೆದು ತೋರಿಸಿದರು. ಅದು ತುಂಡಾಗದೆ ನೂಲಿನ ಹಾಗೆ ಮೊಳದುದ್ದ ಬಂತು.

"ಹಿಂಗೆ ನೂಲು ಬರ್ಬೇಕು ಅಯ್ಯಾ. ಬೆರಕೆ ಇದ್ರೆ ತುಂಡಾಗ್ತದೆ. ಇದಕ್ಕೆ ಮಿಷನ್ ಎಂತಕ್ಕೆ?"

"ಮಿಷನ್ ಹೇಳಿದರೆ ಯಾರೂ ಎದುರು ಮಾತಾಡೋ ಹಾಗಿಲ್ಲ ಯಜಮಾನ್ರೇ" ಎಂದೆ. ನನಗೆ ಆಗ ಇಪ್ಪತ್ತಾರು ವರ್ಷ. ಯಂತ್ರದ ಮೇಲೆ ನನಗಿದ್ದ ಭಕ್ತಿ ನಮ್ಮ ತಾಯಿಗೆ ಮನೆದೇವರ ಮೇಲೂ ಇರಲಿಲ್ಲ.

ಆ ಯಂತ್ರ ಇದ್ದದ್ದು ಬೆಂಗಳೂರಿನ ಒಂದು ಸಂಸ್ಥೆಯಲ್ಲಿ. ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ವಸ್ತುವಿನ ಮೂಲಕ ಹಾಯಿಸಿದರೆ, ಅದು ಯಾವ ಯಾವ ಅಲೆಯನ್ನು ನುಂಗಿತು ಎಂದು ಯಂತ್ರದ ಪೆನ್ನು, ಅಲೆಯುದ್ದದ ಮೈಕ್ರಾನ್ ಅಳತೆ ಗುರುತಿಸಿದ ಉದ್ದನೆಯ ಕಾಗದದ ಮೇಲೆ ಗೆರೆ ಎಳೆಯುತ್ತದೆ. ನುಂಗಿದ ಕಡೆ ಗೆರೆ ತಗ್ಗಿಗೆ ಇಳಿಯುತ್ತದೆ. ಮಡ್ಡಿಯ ತಗ್ಗುಗಳೇ ಬೇರೆ, ಎಣ್ಣೆಯ ತಗ್ಗೇ ಬೇರೆ. ಗಾಜು ಈ ಕಿರಣವನ್ನು ಬಿಡುವುದಿಲ್ಲ, ಪೊಟ್ಯಾಸಿಯಂ ಬ್ರೋಮೈಡ್ ಎಂಬ ಉಪ್ಪು ಬಿಡುತ್ತದೆ. ಹಾಗಾಗಿ ಒಂದು ಮಿಲಿಗ್ರಾಂ ಮಡ್ಡಿಯನ್ನು ಅದರ ಇನ್ನೂರು ಪಾಲು ಉಪ್ಪಿನಲ್ಲಿ ಸೇರಿಸಿ, ಅಗೇಟ್ ಕಲ್ಲಿನ ಪುಟ್ಟ ಕಲ್ಬತ್ತಿನಲ್ಲಿ ಅರೆದು, ಉಕ್ಕಿನ ಅಚ್ಚಿನಲ್ಲಿ ಹಾಕಿ, ಟನ್ನುಗಟ್ಟಲೆ ಭಾರ ಕೊಟ್ಟು ಒತ್ತಿದರೆ ಕಾಲಾಣೆಗಿಂತ ಚಿಕ್ಕದೊಂದು ತಿಳಿಯಾದ ಬಿಲ್ಲೆ ಬರಬೇಕು. ಯಂತ್ರಕ್ಕೆ ಹಾಕುವುದು ಆ ಬಿಲ್ಲೆಯನ್ನೇ. ಸಂಸ್ಥೆಯವರು ತಿಂಗಳಿಗೆ ಒಂದು ದಿನ ಮಾತ್ರ ನಮಗೆ ಬಿಟ್ಟುಕೊಟ್ಟಿದ್ದರು, ಬಿಲ್ಲೆ ನೀವೇ ಮಾಡಿ ತನ್ನಿ ಎಂದಿದ್ದರು. ಹದಿನೈದು ದಿನ ಅಲ್ಲೇ ಇದ್ದು ಕಲಿತು, ಅವರ ಹಳೆಯ ಅಚ್ಚನ್ನು ಹೊತ್ತುಕೊಂಡು ಬಂದಿದ್ದೆ. ಬೇಸಿಗೆಯಲ್ಲಿ ಕಲಿತ ವಿದ್ಯೆ ಅದು.

ಮಳೆಗಾಲದ ಸಾಗರದಲ್ಲಿ ಆ ಉಪ್ಪು ನನ್ನ ಮಾನ ಕಳೆಯಿತು. ಗಾಳಿಯಲ್ಲಿದ್ದ ತೇವವನ್ನೆಲ್ಲ ಕುಡಿಯುತ್ತಿತ್ತು. ಬಾಟಲಿಯ ಮುಚ್ಚಳ ತೆಗೆದು ಚಮಚ ಹಾಕುವುದರೊಳಗೆ ಒದ್ದೆ. ಅರೆಯುವಾಗ ಕಲ್ಬತ್ತಿಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತಿತ್ತು. ನಾನು ಉಸಿರು ಬಿಟ್ಟರೂ ತೊಂದರೆ ಎಂದು ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಮರದ ಪೆಟ್ಟಿಗೆಯೊಳಗೆ ನೂರು ವಾಟಿನ ಬಲ್ಬು ಉರಿಸಿ, ಎರಡು ತೂತು ಕೊರೆದು, ಅದರೊಳಗೆ ಕೈ ತೂರಿಸಿ ಅರೆದೆ. ಕರೆಂಟು ಹೋದರೆ ಆ ದಿನದ ಕೆಲಸವೂ ಹೋಯಿತು.

ನಾನು ಬಾಡಿಗೆಗಿದ್ದ ಮನೆಯ ಅಮ್ಮ ಒಂದು ದಿನ ಬಾಗಿಲಲ್ಲಿ ನಿಂತು ಕೇಳಿದರು. "ಎಂತದ ತಮಾ, ದಿನಾ ಮುಖ ಸಣ್ಣ ಮಾಡ್ಕಂಡು ಬತ್ತೆ?"

ಉಪ್ಪು ಒದ್ದೆಯಾಗುತ್ತದೆ ಎಂದೆ.

"ಮಳೆಗಾಲದಲ್ಲಿ ಉಪ್ಪು ಒದ್ದೆ ಆಗದೆ ಎಂತ ಆಗ್ತು? ಒಲೆ ಮೇಲೆ ಇಡು" ಎಂದು ಹೇಳಿ ಒಳಗೆ ಹೋದರು. ವಿಜ್ಞಾನದ ಪದವಿ ಪಡೆದವನಿಗೆ ಅಡುಗೆಮನೆಯ ಪಾಠ ಎಂದು ನಾನು ನಕ್ಕು ಸುಮ್ಮನಾದೆ. ಎರಡು ತಿಂಗಳ ಮೇಲೆ ಅದೇ ಒಲೆಯ ಮುಂದೆ ಕೂರಬೇಕಾಯಿತು.

ಉಪ್ಪಿನ ಕಥೆ ಹೀಗಾದರೆ ಮಡ್ಡಿಯದು ಇನ್ನೊಂದು. ಅಂಟು ಅರೆಯಲು ಬರುವುದಿಲ್ಲ. ಗಡ್ಡೆಯಿಂದ ಬಟಾಣಿಯಷ್ಟು ಕೊಯ್ದು, ಕ್ಲೋರೋಫಾರ್ಮಿನಲ್ಲಿ ಕರಗಿಸಿ, ತೊಗಟೆಯ ಧೂಳು ಸೋಸಿ, ಆ ದ್ರವವನ್ನು ಹನಿಹನಿಯಾಗಿ ಉಪ್ಪಿನ ಪುಡಿಗೆ ಬಿಟ್ಟು ಆರಿಸಬೇಕು. ಆ ಕ್ಲೋರೋಫಾರ್ಮು ಕೈಯ ಜಿಡ್ಡನ್ನೆಲ್ಲ ತೆಗೆದು ಚರ್ಮ ಬಿರಿಯುವ ಹಾಗೆ ಮಾಡುತ್ತಿತ್ತು. ಅದಕ್ಕೆಂದು ಕಿಟಕಿಯ ಮೇಲೆ ಒಂದು ಸೀಸೆ ತೆಂಗಿನೆಣ್ಣೆ ಇಟ್ಟುಕೊಂಡಿದ್ದೆ. ಕೆಲಸ ಮುಗಿದ ಮೇಲೆ ಕೈಗೆ ಹಚ್ಚಿಕೊಳ್ಳುತ್ತಿದ್ದೆ.

ಮೊದಲ ಮೂರು ಡಬ್ಬಗಳ ಮಡ್ಡಿ ಹಳೆಯದು, ಧೂಳು ಕೂತು ಗಟ್ಟಿಯಾಗಿತ್ತು. ಚಾಕು ಇಟ್ಟರೆ ಬೆಲ್ಲದಂತೆ ಮುರಿಯುತ್ತಿತ್ತು. ನಾಲ್ಕನೆಯದು ಯಜಮಾನರದು. ಹೊಸದು, ಕಸವಿಲ್ಲದ್ದು, ಬೆಣ್ಣೆಯ ಬಣ್ಣದ್ದು. ಚಾಕು ಒಳಗೆ ಹೋಯಿತು, ಹೊರಗೆ ಬರಲಿಲ್ಲ. ಎಳೆದರೆ ಗಡ್ಡೆಯೇ ಡಬ್ಬದ ಸಮೇತ ಎದ್ದು ಬಂತು. ಬೆರಳು ಚಾಕುವಿಗೆ, ಚಾಕು ಮೇಜಿಗೆ, ಅಂಗಿಯ ತೋಳು ಎಲ್ಲದಕ್ಕೂ ಅಂಟಿಕೊಂಡು ಕಾಲು ಗಂಟೆ ಹೆಣಗಿದೆ. ಆಮೇಲೆ ಚಾಕುವನ್ನು ಬಿಡಿಸಿ, ಒರೆಸಿ, ಎಣ್ಣೆ ಸವರಿ ಕೊಯ್ದೆ. ಸಲೀಸಾಗಿ ಬಂತು. ನೋಟ್‌ಬುಕ್ಕಿನಲ್ಲಿ, ನಾಲ್ಕನೇ ಡಬ್ಬ, ಗಡ್ಡೆಯ ಅಂಚಿನಿಂದ ಕೊಯ್ದದ್ದು ಎಂದು ಬರೆದುಕೊಂಡೆ.

ಜುಲೈ ಮೊದಲಿಗೆ ನಾಲ್ಕು ಬಿಲ್ಲೆ ಕೈಗೆ ಬಂದವು. ತೇವ ಹೀರುವ ನೀಲಿ ಹರಳು ತುಂಬಿದ ಗಾಜಿನ ಪಾತ್ರೆಯಲ್ಲಿ ಅವನ್ನಿಟ್ಟು, ಮುಚ್ಚಳಕ್ಕೆ ಗ್ರೀಸು ಬಳಿದು, ತೊಡೆಯ ಮೇಲೆ ಹಸುಗೂಸಿನಂತೆ ಇಟ್ಟುಕೊಂಡು ರೈಲು ಹತ್ತಿದೆ. ತೇವ ಕುಡಿದಷ್ಟೂ ಆ ಹರಳು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆನಂದಪುರ ದಾಟುವಾಗ ನೋಡಿದೆ, ಅರ್ಧ ಗುಲಾಬಿಯಾಗಿತ್ತು.

ಯಂತ್ರ ನೋಡಿಕೊಳ್ಳುತ್ತಿದ್ದವರು ಒಬ್ಬ ಹೆಂಗಸು, ನನಗಿಂತ ಹತ್ತು ವರ್ಷ ಹಿರಿಯರು, ನಗೆ ಕಡಿಮೆ. ಮೊದಲ ಗೆರೆ ನೋಡಿಯೇ ಹೇಳಿದರು. "ಏನ್ರೀ ಇದು, ಬಿಲ್ಲೆ ತಂದಿದೀರೋ ನಿಮ್ಮೂರ ಕೆರೆ ತಂದಿದೀರೋ? ಎರಡೂ ಮುಕ್ಕಾಲರಿಂದ ಮೂರು ಮೈಕ್ರಾನ್ ಹತ್ತಿರ ಪೂರ್ತಿ ನೀರು."

ನಾನು ತಲೆ ತಗ್ಗಿಸಿದೆ. ನೀರು ಇನ್ನೊಂದು ಕಡೆ, ಆರು ಮೈಕ್ರಾನಿನ ಹತ್ತಿರವೂ ತಗ್ಗು ತೋಡಿತ್ತು. ಆದರೂ ಮೂರು ಬಿಲ್ಲೆಗಳಲ್ಲಿ ಮಡ್ಡಿಯ ಗೆರೆ ಓದಲು ಬರುವ ಹಾಗಿತ್ತು. ನಾಲ್ಕನೆಯದನ್ನು ಹಾಕಿದಾಗ ಪೆನ್ನು ಐದೂ ಮುಕ್ಕಾಲು ಮೈಕ್ರಾನಿಗೆ ಬಂದು ಸರ್ರನೆ ಕೆಳಗಿಳಿಯಿತು. ಬೇರೆ ಮೂರರಲ್ಲಿ ಅಲ್ಲಿ ತಗ್ಗಿರಲಿಲ್ಲ.

"ಇದು ಎಣ್ಣೆ" ಎಂದರು ಅವರು. "ಅನುಮಾನವೇ ಇಲ್ಲ."

ನನಗೆ ಖುಷಿಯಾಯಿತು, ಈಗ ಹೇಳಲು ನಾಚಿಕೆ. ತಿಂಗಳಿಡೀ ಉಪ್ಪಿನೊಡನೆ ಗುದ್ದಾಡಿದ್ದಕ್ಕೆ ಒಂದು ಫಲ ಸಿಕ್ಕಿತಲ್ಲ ಎಂದು. ನೂಲು ಎಳೆದು ತೋರಿಸಿದ ಹಿರಿಯರು ನೆನಪಾದರು. ಎಷ್ಟು ಸಲೀಸಾಗಿ ನಾಟಕ ಆಡಿದರು ಎಂದುಕೊಂಡೆ.

ಕಾರ್ಯದರ್ಶಿಗಳು ವರದಿಯನ್ನು ಅರಣ್ಯ ಕಚೇರಿಗೆ ಕಳಿಸಿದರು. ಸಂಘದ ಹಲಗೆಯ ಮೇಲೆ ಒಂದು ಕಾಗದ ಅಂಟಿಸಿದರು. ಅದರಲ್ಲಿ ಯಜಮಾನರ ಹೆಸರು, ಊರು, ಮುಂದೆ ಕಲಬೆರಕೆ ಎಂಬ ಒಂದೇ ಪದ.

ಅವರು ಬಂದದ್ದು ಜುಲೈ ಕೊನೆಯ ಸಂತೆಯ ದಿನ. ಮಳೆಗೆ ಹೊದ್ದ ಗೊರಬು ಹೊರಗೆ ಬಿಚ್ಚಿಟ್ಟು ಬಾಗಿಲ ಹತ್ತಿರವೇ ನಿಂತರು. ಜಗಳಕ್ಕೆ ಬಂದಿದ್ದಾರೆ ಎಂದು ನಾನು ಮಾತು ಜೋಡಿಸಿಕೊಳ್ಳುತ್ತಿದ್ದೆ.

"ನನ್ ಮಡ್ಡಿ ಇನ್ನೂ ಐತಾ ಅಯ್ಯಾ?"

ಇದೆ ಎಂದೆ. ಡಬ್ಬ ತೆಗೆದುಕೊಟ್ಟೆ. ಮೂಸಿ ನೋಡಿದರು. ಬೆರಳಲ್ಲಿ ಒತ್ತಿ ನೋಡಿದರು. ಡಬ್ಬ ವಾಪಸು ಕೊಟ್ಟರು.

"ಇದ್ರಾಗೆ ಎಣ್ಣೆ ಎಲ್ಲೈತೆ ಅಂತ ನಂಗೆ ತೋರ್ಸಿ. ಹೆಂಗೆ ನೋಡಿದ್ರಿ ಅಂತ ತೋರ್ಸಿ. ನಾ ಎಂತದೂ ಮಾತಾಡಲ್ಲ, ನೋಡ್ತೀನಿ ಅಷ್ಟೇ."

ನ್ಯಾಯವಾದ ಮಾತು. ಮೊದಲಿನಿಂದ ಮಾಡಿ ತೋರಿಸುತ್ತೇನೆ ಎಂದು ಚಾಕು ಕೈಗೆತ್ತಿಕೊಂಡೆ. ಇನ್ನೊಂದು ಕೈ ತಾನಾಗಿ ಕಿಟಕಿಯ ಕಡೆ ಹೋಯಿತು, ಸೀಸೆ ಬಗ್ಗಿಸಿತು, ಚಾಕುವಿನ ಎರಡೂ ಮೈಗೆ ಸವರಿತು. ಡಬ್ಬದ ಮೇಲೆ ಬಗ್ಗಿದಾಗ ಅವರು ನನ್ನ ಮಣಿಕಟ್ಟು ಹಿಡಿದರು.

"ಅದೆಂತದು?"

"ಎಣ್ಣೆ. ಇಲ್ಲದಿದ್ರೆ ಅಂಟ್ಕೊಳ್ತದಲ್ಲ ಯಜಮಾನ್ರೇ."

ಹೇಳಿದ್ದು ನನ್ನ ಬಾಯಿ, ಕೇಳಿದ್ದು ನನ್ನ ಕಿವಿ. ಮೊದಲಿಗೆ ಏನೂ ಆಗಲಿಲ್ಲ. ಆಮೇಲೆ ಚಾಕು ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತೆ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಹಲಸಿನಕಾಯಿ ಕೊಯ್ಯುವಾಗ ಎಣ್ಣೆ ಬಟ್ಟಲು ಇಲ್ಲದೆ ಯಾರೂ ಚಾಕು ಮುಟ್ಟುತ್ತಿರಲಿಲ್ಲ. ಮೇಣ ಕಂಡರೆ ಎಣ್ಣೆ, ಇದು ನಾನು ಅಕ್ಷರ ಕಲಿಯುವ ಮೊದಲೇ ಕಲಿತದ್ದು. ಒಂದು ಮಿಲಿಗ್ರಾಂ ಮಾದರಿಯಲ್ಲಿ ಚಾಕುವಿನ ಅಲಗಿಗೆ ಅಂಟಿದ ಎಣ್ಣೆ ಎಷ್ಟಾದೀತು ಎಂದು ಲೆಕ್ಕ ಹಾಕಲು ನನಗೆ ಕಾಗದವೇ ಬೇಕಿರಲಿಲ್ಲ.

"ನಾವು ಮಡ್ಡಿ ಮುಟ್ಟಾವಾಗ ನೀರು ಹಚ್ಕಣಾದು" ಎಂದರು ಯಜಮಾನರು. "ಕೈಗೂ ನೀರೇ, ಕತ್ತಿಗೂ ನೀರೇ. ಎಣ್ಣೆ ತಾಗಿದ್ರೆ ಮಡ್ಡಿ ಕೆಡ್ತದೆ. ನಮ್ಮಪ್ಪ ಮಡ್ಡಿ ಕೆಲ್ಸಕ್ಕೆ ಹೋಗೋ ದಿನ ತಲೆಗೂ ಎಣ್ಣೆ ಇಡ್ತಿರ್ಲಿಲ್ಲ."

ನಾನು ಚಾಕುವಿನ ಎಣ್ಣೆಯನ್ನು ಬಟ್ಟೆಗೆ ಒರೆಸಿದೆ.

"ಹಂಗಾದ್ರೆ ಆವತ್ತೂ?"

"ಆವತ್ತೂ ಹಚ್ಚಿದ್ದೆ."

ಅವರು ಡಬ್ಬದ ಮುಚ್ಚಳ ತಾವೇ ಒತ್ತಿ ಹಾಕಿದರು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಗೊರಬು ಎತ್ತಿಕೊಂಡು, "ಬಸ್ಸಿಗೆ ಹೊತ್ತಾತು" ಎಂದು ಹೊರಟುಹೋದರು. ಜೂನಿನಿಂದ ನಾನು ನೀರನ್ನು ಹೊರಗಿಡಲು ಏನೆಲ್ಲ ಮಾಡಿದ್ದೆ, ಎಣ್ಣೆಯ ಕಡೆ ತಿರುಗಿಯೂ ನೋಡಿರಲಿಲ್ಲ.

ನಿಜ ಹೇಳುತ್ತೇನೆ, ಸುಮ್ಮನಿದ್ದುಬಿಡುವ ಯೋಚನೆ ಬಂತು. ಅವರ ಮಾತನ್ನು ಯಾರು ನಂಬುತ್ತಾರೆ? ನೋಟ್‌ಬುಕ್ಕಿನಲ್ಲಿ ಎಣ್ಣೆಯ ಸುದ್ದಿಯೇ ಇಲ್ಲ. ಆದರೆ ಅವರು ಮಣಿಕಟ್ಟು ಹಿಡಿದ ಜಾಗ ಇನ್ನೂ ಅಂಟಂಟಾಗಿತ್ತು. ಸಂಜೆ ಸಂಘ ಮುಚ್ಚುವ ಮೊದಲು ಕಾರ್ಯದರ್ಶಿಗಳ ಮುಂದೆ ಹೋಗಿ ನಿಂತು ಎಲ್ಲ ಹೇಳಿದೆ.

ಅವರು ಕೆಟ್ಟವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹೊಸ ಗುತ್ತಿಗೆದಾರರಿಗೆ ಆ ಗುಡ್ಡ ಬರೆದುಕೊಟ್ಟಾಯ್ತಲ್ಲ ಮಾರಾಯ್ರೆ. ಮೊನ್ನೆನೇ ಕಾಗದ ಬಂತು."

"ನಾನು ಬರೆದುಕೊಡ್ತೀನಿ ಸಾರ್. ತಪ್ಪು ನಂದು ಅಂತ."

"ನಿಮ್ಮ ಮಾತು ಸಾಲದು. ಆವತ್ತು ಯಂತ್ರ ಹೇಳ್ತು, ಇವತ್ತು ಮನುಷ್ಯ ಹೇಳ್ತಾನೆ ಅಂದ್ರೆ ಆಫೀಸಲ್ಲಿ ಯಾರ್ದನ್ನ ನಂಬ್ತಾರೆ? ಯಂತ್ರದ ಕೈಯಲ್ಲೇ ಹೇಳಿಸ್ಕೊಂಡು ಬನ್ನಿ. ಮುದ್ರೆ ಒಡೆದ ಡಬ್ಬ ಬೇರೆ. ಆದರೂ ನೋಡೋಣ."

ಬೆಂಗಳೂರಿನಲ್ಲಿ ನಮ್ಮ ಮುಂದಿನ ದಿನ ಆಗಸ್ಟ್ ಕೊನೆಗೆ. ಒಂದೇ ದಾರಿ ಇತ್ತು. ಡಬ್ಬದಲ್ಲಿ ಉಳಿದ ಅರ್ಧ ಗಡ್ಡೆಯ ಹೊರಮೈಗೆ ನನ್ನ ಎಣ್ಣೆ ತಾಗಿತ್ತು, ಒಳಗೆ ತಾಗಿರಲಿಲ್ಲ. ಹೊಸ ಚಾಕು ಕೊಂಡು, ಕ್ಲೋರೋಫಾರ್ಮಿನಲ್ಲಿ ಮೂರು ಸಲ ತೊಳೆದು, ಬಟ್ಟಿಯಿಳಿಸಿದ ನೀರಿನಲ್ಲಿ ಅದ್ದಿ ಗಡ್ಡೆಯ ನಡುವಿಗೆ ಇಳಿಸಿದೆ. ಚಾಕು ಅಂಟಿಕೊಳ್ಳದೆ ಬಂತು. ಯಜಮಾನರ ಮಾತು ಅಷ್ಟು ಸರಿ. ಕೊಯ್ದ ಚೂರನ್ನು ಎರಡು ದಿನ ನೀಲಿ ಹರಳಿನ ಪಾತ್ರೆಯಲ್ಲಿ, ಗಾಳಿ ಹೀರಿ ತೆಗೆದು, ಒಣಗಲು ಬಿಟ್ಟೆ. ಬೇಕೆಂದೇ ಇನ್ನೊಂದು ಚೂರನ್ನು ಎಣ್ಣೆ ಸವರಿದ ಹಳೆಯ ಚಾಕುವಿನಲ್ಲಿ, ಅದೇ ಒಳಗಡೆಯಿಂದ ಕೊಯ್ದೆ. ಒಂದೇ ಗಡ್ಡೆ, ಎರಡು ಚಾಕು, ಎರಡು ಬಿಲ್ಲೆ. ಒಂದರಲ್ಲಿ ಎಣ್ಣೆ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಆಗ ಯಾರೂ ಮಡ್ಡಿಯನ್ನು ದೂರುವ ಹಾಗಿಲ್ಲ.

ಯೋಚನೆಯೇನೋ ಚೆನ್ನಾಗಿತ್ತು. ಆಗಸ್ಟ್ ಎರಡನೇ ವಾರ ಎಲ್ಲೋ ಮರ ಬಿದ್ದು ಕರೆಂಟು ಹೋಯಿತು, ಎಂಟು ದಿನ ಬರಲಿಲ್ಲ. ಒಣಗಿಸುವ ಪೆಟ್ಟಿಗೆ ತಣ್ಣಗೆ, ಬಲ್ಬಿನ ಪೆಟ್ಟಿಗೆ ಕತ್ತಲೆ. ನೀಲಿ ಹರಳೆಲ್ಲ ಗುಲಾಬಿಯಾಗಿ, ಅದನ್ನು ಬಿಸಿಮಾಡಿ ಮತ್ತೆ ನೀಲಿ ಮಾಡಲೂ ಶಾಖವಿಲ್ಲ. ಮೂರು ಬಿಲ್ಲೆ ಒತ್ತಿದೆ, ಮೂರೂ ಬಿಳಿ. ಆಕಾಶ ನೋಡುತ್ತಾ ಬಾಗಿಲಲ್ಲಿ ಕೂರುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ತಪ್ಪು ಒಪ್ಪಿಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದ್ದವನಿಗೆ, ಒಪ್ಪಿಕೊಂಡದ್ದನ್ನು ರುಜುವಾತು ಮಾಡಲೂ ಕೈಲಾಗುತ್ತಿಲ್ಲವಲ್ಲ ಎಂದು ಅಳುವೇ ಬಂತು.

ಕೊನೆಗೆ ಬಾಡಿಗೆ ಮನೆಯ ಅಮ್ಮನ ಮುಂದೆ ಹೋಗಿ ನಿಂತೆ. "ಅಮ್ಮಾ, ಒಲೆ ಮೇಲೆ ಸ್ವಲ್ಪ ಜಾಗ ಕೊಡ್ತೀರಾ?"

"ಆವಾಗ್ಲೇ ಹೇಳಿದ್ದಿಲ್ಯಾ?" ಎಂದರು ಅವರು. ಬೇರೇನೂ ಆಡಿಕೊಳ್ಳಲಿಲ್ಲ. ಒಲೆಗೆ ಇನ್ನೆರಡು ಕಟ್ಟಿಗೆಯ ಕುಂಟೆ ತಳ್ಳಿದರು.

ಪಿಂಗಾಣಿ ಬಟ್ಟಲಲ್ಲಿ ಉಪ್ಪು ಹಾಕಿ, ಹೊಗೆ ತಾಗದಂತೆ ಮುಚ್ಚಿ, ಕೆಂಡದ ಮೇಲೆ ಮರಳಿನ ತಟ್ಟೆಯಲ್ಲಿಟ್ಟು ಇಡೀ ದಿನ ಕಾಯಿಸಿದೆ. ಗುಲಾಬಿ ಹರಳನ್ನೂ ಅಲ್ಲೇ ಹುರಿದು ನೀಲಿ ಮಾಡಿದೆ. ಬಟ್ಟೆ ಒಗೆಯುವವರ ಮನೆಯಿಂದ ಇದ್ದಿಲಿನ ಇಸ್ತ್ರಿ ಪೆಟ್ಟಿಗೆ ತಂದು ಅಚ್ಚಿಗೂ ಕಲ್ಬತ್ತಿಗೂ ಒತ್ತಿ ಬಿಸಿ ಮಾಡಿದೆ. ಪ್ರೆಸ್ಸನ್ನು ಅಡುಗೆಮನೆಯ ಮೂಲೆಗೆ ತಂದಿದ್ದೆ. ಮಾರನೆಯ ದಿನ ಮಧ್ಯಾಹ್ನ ಮಳೆ ಒಂದು ಗಳಿಗೆ ಬಿಟ್ಟಾಗ ಎರಡೂ ಬಿಲ್ಲೆ ಒತ್ತಿದೆ. ತಿಳಿಯಾಗಿ ಬಂದವು. ಅವು ಪಾತ್ರೆ ಸೇರಿ ಮುಚ್ಚಳ ಬೀಳುವವರೆಗೆ ನಾನು ಉಸಿರು ಬಿಡಲಿಲ್ಲ.

ಬೆಂಗಳೂರಿನಲ್ಲಿ ಮೊದಲು ನೀರಿನ ಚಾಕುವಿನ ಬಿಲ್ಲೆ ಹಾಕಿಸಿದೆ. ಪೆನ್ನು ಐದೂ ಮುಕ್ಕಾಲು ಮೈಕ್ರಾನಿನ ಕಡೆ ಬರುವಾಗ ನಾನು ಗೋಡೆಯ ಕಡೆ ತಿರುಗಿ ನಿಂತೆ.

"ಏನೂ ಇಲ್ಲ" ಎಂದರು ಆಕೆ. "ಸ್ವಲ್ಪ ನೀರಿದೆ. ಎಣ್ಣೆ ಇಲ್ಲ."

ಎಣ್ಣೆಯ ಚಾಕುವಿನ ಬಿಲ್ಲೆ ಹಾಕಿದಾಗ ಅದೇ ಹಳೆಯ ತಗ್ಗು ಅದೇ ಜಾಗದಲ್ಲಿ ಇಳಿಯಿತು. ಎರಡೂ ಕಾಗದ ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಆಕೆ ಕೇಳಿದರು. "ಎಣ್ಣೆ ಹಚ್ಚಿದ್ದು ನೋಟ್‌ಬುಕ್ಕಲ್ಲಿ ಬರೆದಿರಲಿಲ್ವಾ?"

"ಇಲ್ಲ."

"ಹೂಂ. ತಲೆ ಬಾಚಿಕೊಂಡಿದ್ದನ್ನ ಯಾರು ಬರೀತಾರೆ" ಎಂದು, ಕಾಗದದ ಕೆಳಗೆ ಹೊರಗಿನ ಎಣ್ಣೆ ಕಂಡುಬಂದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿಕೊಟ್ಟರು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಆಯಿತು. ಕಾರ್ಯದರ್ಶಿಗಳು ಕಾಗದಗಳನ್ನು ಅರಣ್ಯ ಕಚೇರಿಗೆ ಕಳಿಸಿದರು. ಅಲ್ಲಿಂದ ಎರಡು ಸಾಲಿನ ಉತ್ತರ ಬಂತು. ಗುತ್ತಿಗೆ ಮೂರು ವರ್ಷಕ್ಕೆ ಆಗಿದೆ, ಅವಧಿ ಮುಗಿದ ಮೇಲೆ ಅರ್ಜಿ ಹಾಕಬಹುದು. ಮೈಸೂರಿಗೆ ಹೋದ ಪೀಪಾಯಿಗೆ ಎಣ್ಣೆ ಬೆರೆಸಿದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಸಂಘದ ಸಭೆಯಲ್ಲಾದರೂ ವಿಷಯ ಓದಿ ಎಂದು ಕೇಳಿಕೊಂಡೆ. ಹಲಗೆಯ ಮೇಲಿನ ಕಾಗದ ತೆಗೆಸುತ್ತೇನೆ, ಓದುವುದು ಗೀದುವುದು ಬೇಡ, ಸಂಘದ ಪರೀಕ್ಷೆಯನ್ನೇ ನಾಳೆ ಯಾರೂ ನಂಬುವುದಿಲ್ಲ ಎಂದರು. ಅವರು ಹೇಳಿದ್ದರಲ್ಲೂ ಅರ್ಥ ಇತ್ತು, ಅದೇ ನನ್ನ ಸಂಕಟ. ಹಲಗೆಯ ಮೇಲಿನ ಕಾಗದ ತೆಗೆದರು. ಅದು ಅಲ್ಲಿದ್ದಾಗ ಓದಿದವರ ತಲೆಯಿಂದ ಯಾರು ತೆಗೆಯುತ್ತಾರೆ?

ಸಂಸ್ಥೆಯ ಕಾಗದದ ಒಂದು ನಕಲು ನನ್ನ ಹತ್ತಿರ ಇತ್ತು. ಸೆಪ್ಟೆಂಬರಿನ ಒಂದು ಭಾನುವಾರ ಹೊಸನಗರದ ಬಸ್ಸು ಹಿಡಿದೆ. ಇಳಿದು ಒಂದೂವರೆ ಮೈಲಿ ನಡೆದೆ. ಮಳೆ ಹಿಂದಾಗಿ ಸುಡುವ ಬಿಸಿಲು ಬಿದ್ದಿತ್ತು.

ಯಜಮಾನರು ಗದ್ದೆಯ ಬದುವಿನಲ್ಲಿದ್ದರು. ನನ್ನನ್ನು ಕಂಡು ಆಶ್ಚರ್ಯಪಡಲಿಲ್ಲ. ಮನೆಗೆ ಕರೆದುಕೊಂಡು ಹೋಗುವ ಮೊದಲು ಗುಡ್ಡದ ಬುಡಕ್ಕೆ ಕರೆದುಕೊಂಡು ಹೋದರು. ಒಂದು ಮರ ತೋರಿಸಿದರು. ಅವರು ವರ್ಷವರ್ಷ ಹಾಕಿದ ಕಚ್ಚುಗಳು ಅಂಗೈಯಗಲ, ತೊಗಟೆಯಷ್ಟೇ ಆಳ, ಒಂದರ ಮೇಲೊಂದು ಮಾಗಿ ಮುಚ್ಚಿದ್ದವು. ಅದರ ಪಕ್ಕದಲ್ಲಿ ಕೊಡಲಿಯಿಂದ ಹೊಡೆದ ಹೊಸ ಗಾಯ, ಮರದ ತಿರುಳು ಕಾಣುವಷ್ಟು.

"ಮಳೆಗಾಲದಾಗೆ ಕಚ್ಚು ಹಾಕ್ಬಾರ್ದು ಅಂತ ಅವ್ರಿಗೆ ಗೊತ್ತಿಲ್ಲ" ಎಂದರು. "ಹಿಂಗೇ ಆದ್ರೆ ಮೂರು ವರ್ಷಕ್ಕೆ ಮರ ಉಳಿಯಲ್ಲ."

ನಾನು ಜೇಬಿನಿಂದ ಕಾಗದ ತೆಗೆದು ಕೊಟ್ಟೆ. ಯಂತ್ರ ಈಗ ಸರಿಯಾಗಿ ಹೇಳಿದೆ, ನಿಮ್ಮ ಮಡ್ಡಿಯಲ್ಲಿ ಎಣ್ಣೆ ಇಲ್ಲ ಎಂದೆ. ಅವರು ಗೆರೆಯ ಮೇಲೆ ಬೆರಳಾಡಿಸಿದರು. ಏರು, ತಗ್ಗು, ಏರು. ಆಮೇಲೆ ಕೇಳಿದರು. "ಇದ್ನ ನಾ ಯಾರಿಗೆ ತೋರಿಸ್ಲಿ ಅಯ್ಯಾ?"

ಆ ಕಾಗದ ಓದಬಲ್ಲ ಕಚೇರಿಗಳೆಲ್ಲ ಅದನ್ನು ಓದಿ ಮುಗಿಸಿದ್ದವು.

ಮನೆಯ ಜಗಲಿಯಲ್ಲಿ ಅವರ ಹೆಂಡತಿ ಅಕ್ಕಿ ಆರಿಸುತ್ತಿದ್ದರು. ನಾನು ಸಂಘದವನು ಎಂದು ಗೊತ್ತಾದ ಕೂಡಲೇ ಮುಖ ಬಿಗಿಯಾಯಿತು. "ಓದಿ ಹೇಳಿ ಇವ್ಳಿಗೆ" ಎಂದರು ಯಜಮಾನರು. ನಾನು ಆ ಒಂದು ಸಾಲನ್ನು ಕನ್ನಡದಲ್ಲಿ ಹೇಳಿದೆ.

ಆಕೆ ಮೊರ ಕೆಳಗಿಟ್ಟರು. "ಹಂಗಾದ್ರೆ ಮೊದ್ಲು ಎಂತಕ್ಕೆ ಎಣ್ಣೆ ಐತೆ ಅಂತ ಬಂತು?"

ನಾನು ಯಜಮಾನರ ಕಡೆ ನೋಡಿದೆ. ಅವರು ಅಂಗಳದ ಕಡೆ ನೋಡುತ್ತಿದ್ದರು. ಜುಲೈಯಿಂದ ಇಲ್ಲಿಯವರೆಗೆ ಅವರು ಅದನ್ನು ಮನೆಯಲ್ಲಿ ಕೂಡ ಹೇಳಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಯಾಕೆ ಹೇಳಲಿಲ್ಲವೋ ಇವತ್ತಿಗೂ ಗೊತ್ತಿಲ್ಲ. ಹೇಳಿದರೆ ಯಾರು ನಂಬುತ್ತಾರೆ ಎಂದಿರಬಹುದು.

"ನನ್ನ ಚಾಕುವಿಗೆ ನಾನೇ ಎಣ್ಣೆ ಹಚ್ಚಿದ್ದೆ ಅಮ್ಮಾ. ಹಲಸಿನಕಾಯಿ ಕೊಯ್ಯೋ ಹಾಗೆ. ಆ ಎಣ್ಣೆ ಅದು."

ಆಕೆ ಎದ್ದು ಒಳಗೆ ಹೋದರು. ಹೊರಟುಬಿಡಲೇ ಎಂದು ಯೋಚಿಸುತ್ತಿದ್ದೆ. ತಂಬಿಗೆಯಲ್ಲಿ ನೀರು, ಒಂದು ಚೂರು ಬೆಲ್ಲ ತಂದು ನನ್ನ ಮುಂದಿಟ್ಟರು, ಯಾವ ನೆಂಟರಿಗಾದರೂ ಇಡುವ ಹಾಗೆ.

"ಬಿಸ್ಲಾಗೆ ಬಂದೀರಿ, ನೀರು ಕುಡೀರಿ" ಎಂದರು. "ಇವ್ರು ಸಂತಿಗೆ ಹೋಗದೆ ಎರಡು ತಿಂಗ್ಳಾತು. ನಮ್ ಹುಡ್ಗಿನ ಕೊಟ್ಟ ಮನೆಯವ್ರೂ ಕೇಳಿದ್ರು, ಕಲಬೆರಕೆ ಅಂತೆ ಹೌದಾ ಅಂತ. ಕುಡೀರಿ. ಆಮೇಲೆ ಹಂಗೇ ಕೂತಿರಿ. ಕೇರಿಯವ್ರ್ನ ಕರೀತೀನಿ. ಅವ್ರ ಮುಂದೆ ಓದಿ. ಎಣ್ಣೆದೂ ಹೇಳಿ."

ಮೊದಲು ಪಕ್ಕದ ಮನೆಯವರು ಬಂದರು, ಆಮೇಲೆ ಇನ್ನೂ ಆರೆಂಟು ಜನ. ಜಗಲಿಯ ಕೆಳಗೆ ಅಂಗಳದಲ್ಲಿ ನಿಂತರು. ನಾನು ಎದ್ದು ನಿಂತು ಓದಿದೆ. ತಡವಾಗಿ ಬಂದವರಿಗೆ ಮತ್ತೆ ಓದಿದೆ, ಗದ್ದೆಯಿಂದ ಬಂದವರಿಗೆ ಮೂರನೇ ಸಲ. ಕಾಗದದಲ್ಲಿದ್ದದ್ದು ಒಂದೇ ಸಾಲು. ನನ್ನ ಚಾಕುವಿನ ಎಣ್ಣೆಯ ಮಾತು ಅದರಲ್ಲಿ ಇರಲಿಲ್ಲ, ಅದನ್ನು ಪ್ರತಿ ಸಲವೂ ನಾನೇ ಹೇಳಿದೆ. ಯಜಮಾನರು ಕಂಬಕ್ಕೆ ಒರಗಿ ಕೂತು ಮೂರು ಸಲವೂ ಮೊದಲ ಸಲದ ಹಾಗೆ ಕೇಳಿದರು.